ಖಾರ ಮಂಡಕ್ಕಿಯ ಪೊಟ್ಟಣ: ಗರಿ ಉಳಿಸುವ ಪ್ರಯೋಗ ಎಲ್ಲಿಗೆ ಬಂದಿದೆ

ದಾವಣಗೆರೆಯ ಒಂದು ಸಣ್ಣ ಕುರುಕಲು ತಿಂಡಿ ಘಟಕದಲ್ಲಿ ಹೊಸ ತಿನಿಸುಗಳನ್ನು ರೂಪಿಸುವುದು ನನ್ನ ಕೆಲಸ. ಈಗ ಕೈಯಲ್ಲಿರುವುದು ನಮ್ಮೂರಿನ ಖಾರ ಮಂಡಕ್ಕಿ. ಈರುಳ್ಳಿ, ಟೊಮೆಟೊ, ನಿಂಬೆರಸ ಬಿದ್ದು ಮಿರ್ಚಿಯ ಜೊತೆಗೆ ಕೈಗೆ ಬರುವ ಮಂಡಕ್ಕಿಯನ್ನು ಯಾವ ಪೊಟ್ಟಣವೂ ಕೊಡಲಾರದು. ಅದನ್ನು ಗಾಡಿಯ ಮುಂದೆ ನಿಂತೇ ತಿನ್ನಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಶೇಂಗಾ, ಕರಿಬೇವು, ಬೆಳ್ಳುಳ್ಳಿ ಇವಿಷ್ಟನ್ನು ಒಂದು ಪೊಟ್ಟಣದಲ್ಲೂ, ಪುಟಾಣಿ ಹಿಟ್ಟಿನ ಮಸಾಲೆಯನ್ನು ಒಳಗಿನ ಪುಟ್ಟ ಚೀಲದಲ್ಲೂ ಇಟ್ಟರೆ, ದೂರದೂರಿನಲ್ಲಿರುವ ನಮ್ಮವರು ಮನೆಯಲ್ಲೇ ಈರುಳ್ಳಿ ಹೆಚ್ಚಿ ಬೆರೆಸಿಕೊಳ್ಳಬಹುದು. ಗರಿ ನಾಲ್ಕು ತಿಂಗಳು ಉಳಿಯಬೇಕೆಂಬುದು ನಾವು ಇಟ್ಟುಕೊಂಡಿರುವ ಗುರಿ.

ಮೊದಲ ಕೆಲಸ ಮಂಡಕ್ಕಿಯ ಆಯ್ಕೆಯಾಗಿತ್ತು. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಈ ಸೀಮೆಯಲ್ಲಿ ಮಂಡಕ್ಕಿ ಭಟ್ಟಿಗಳಿಗೆ ಕೊರತೆಯಿಲ್ಲ. ಆದರೆ ಭಟ್ಟಿಯಿಂದ ಭಟ್ಟಿಗೆ, ಕೆಲವೊಮ್ಮೆ ಒಂದೇ ಭಟ್ಟಿಯಲ್ಲಿ ಬೆಳಗ್ಗೆಯಿಂದ ಸಂಜೆಗೆ, ಕಾಳಿನ ಗುಣ ಬದಲಾಗುತ್ತದೆ. ಭತ್ತವನ್ನು ನೆನೆಸಿ ಬೇಯಿಸಿದಾಗ ಅಕ್ಕಿಯೊಳಗಿನ ಪಿಷ್ಟವು ಅಂಟಾಗಿ ಕೂಡಿಕೊಳ್ಳುತ್ತದೆ. ಒಣಗಿಸಿ, ಮಿಲ್ಲು ಮಾಡಿ, ಉಪ್ಪುನೀರು ಹಚ್ಚಿ ಕಾದ ಮರಳಿಗೆ ಹಾಕಿದಾಗ ಕಾಳಿನೊಳಗೆ ಉಳಿದ ಅಲ್ಪ ತೇವ ಒಮ್ಮೆಗೇ ಆವಿಯಾಗಿ ಆ ಪಿಷ್ಟವನ್ನು ಉಬ್ಬಿಸುತ್ತದೆ. ತೇವ ಹೆಚ್ಚಾದರೆ ಕಾಳು ಗಟ್ಟಿಯಾಗಿ ಉಳಿಯುತ್ತದೆ, ಕಡಿಮೆಯಾದರೆ ಅರಳುವ ಮೊದಲೇ ಕರಕಾಗುತ್ತದೆ. “ಅಕ್ಕಿ ಹದಕ್ಕೆ ಬರದಿದ್ರೆ ಮರಳು ಎಷ್ಟು ಕಾದ್ರೂ ಅಷ್ಟೇ ರೀ” ಎಂದು ಭಟ್ಟಿಯವರೊಬ್ಬರು ಹೇಳಿದ್ದು ಪ್ರಯೋಗಾಲಯದ ಭಾಷೆಯಲ್ಲೂ ಅಷ್ಟೇ ನಿಜ.

ಉಪ್ಪಿನ ವಿಚಾರವನ್ನು ಇಲ್ಲಿಯೇ ಹೇಳಬೇಕು. ಶುದ್ಧ ಅಡುಗೆ ಉಪ್ಪು ಗಾಳಿಯ ತೇವ ಸುಮಾರು ಶೇಕಡಾ 75 ದಾಟಿದ ಮೇಲೆ ಮಾತ್ರ ಕರಗಲು ಆರಂಭಿಸುತ್ತದೆ. ಸಂಸ್ಕರಿಸದ ಕಲ್ಲುಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್ ಶೇಕಡಾ 33ರ ತೇವದಲ್ಲೇ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಭರಣಿ ಒದ್ದೆಯಾಗುವುದಕ್ಕೂ ಇದೇ ಕಾರಣ. ಹೀಗಾಗಿ ನಮಗೆ ಮಂಡಕ್ಕಿ ಕೊಡುವ ಭಟ್ಟಿಯವರಿಗೆ ಶುದ್ಧೀಕರಿಸಿದ ಉಪ್ಪನ್ನು ನಾವೇ ಒದಗಿಸುವ ಏರ್ಪಾಡು ಮಾಡಿಕೊಂಡೆವು. ಎರಡೂ ಬಗೆಯ ಮಂಡಕ್ಕಿಯನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟು ನೋಡಿದಾಗ ವ್ಯತ್ಯಾಸ ಕೈಗೇ ತಿಳಿಯುವಷ್ಟಿತ್ತು.

ಹೆಚ್ಚಿನ ದಿನಗಳು ಕಳೆದದ್ದು ಪೊಟ್ಟಣದೊಳಗಿನ ನೀರಿನ ಲೆಕ್ಕದಲ್ಲಿ. ತಿಂಡಿ ಮೆತ್ತಗಾದ ಕೂಡಲೇ ಎಲ್ಲರೂ ಪ್ಯಾಕಿಂಗ್ ಹಾಳೆಯನ್ನು ದೂರುತ್ತಾರೆ. ನನ್ನ ಅನುಭವದಲ್ಲಿ ಎಷ್ಟೋ ಬಾರಿ ನೀರು ಹೊರಗಿನಿಂದ ಬಂದಿರುವುದೇ ಇಲ್ಲ, ಮುಚ್ಚುವ ಮೊದಲೇ ಒಳಗೆ ಕುಳಿತಿರುತ್ತದೆ. ಹಸಿ ಬೆಳ್ಳುಳ್ಳಿಯಲ್ಲಿ ಸುಮಾರು ಶೇಕಡಾ 60ರಷ್ಟು ನೀರೇ ಇದೆ. ಒಂದು ಕಿಲೋ ಮಂಡಕ್ಕಿಗೆ 20 ಗ್ರಾಂ ಬೆಳ್ಳುಳ್ಳಿಯನ್ನು ಜಜ್ಜಿ ಹಾಕಿದರೆ 12 ಗ್ರಾಂ ನೀರನ್ನೂ ಹಾಕಿದಂತೆ. ಬಾಣಲೆಯಲ್ಲಿ ಅದು ಪೂರ್ತಿ ಆರದಿದ್ದರೆ ಉಳಿದಷ್ಟೂ ಮಂಡಕ್ಕಿಗೆ ಸೇರುತ್ತದೆ. ಕರಿಬೇವಿನದೂ ಇದೇ ಕಥೆ.

ಇದನ್ನು ಅಳೆಯುವ ಮಾನಕ್ಕೆ ವಾಟರ್ ಆಕ್ಟಿವಿಟಿ ಎನ್ನುತ್ತಾರೆ. ಒಂದು ಪದಾರ್ಥದಲ್ಲಿ ಎಷ್ಟು ನೀರಿದೆ ಎಂಬುದಕ್ಕಿಂತ, ಆ ನೀರು ಎಷ್ಟು ಸಲೀಸಾಗಿ ಅದನ್ನು ಬಿಟ್ಟು ಪಕ್ಕದ ಪದಾರ್ಥಕ್ಕೆ ಹೋಗಬಲ್ಲದು ಎಂಬುದನ್ನು ಇದು ಹೇಳುತ್ತದೆ. ಶುದ್ಧ ನೀರಿಗೆ ಇದರ ಬೆಲೆ 1. ಅರಳಿಸಿದ ಧಾನ್ಯ, ಚಿಪ್ಸ್ ಮೊದಲಾದ ತಿಂಡಿಗಳು ಸಾಮಾನ್ಯವಾಗಿ 0.35ರಿಂದ 0.5ರ ನಡುವೆ ಗರಿ ಕಳೆದುಕೊಳ್ಳುತ್ತವೆ. ಒಣಗಿದ ಪಿಷ್ಟ ಗಾಜಿನಂತೆ ಬಿಗಿಯಾಗಿದ್ದು ಹಲ್ಲಿಗೆ ಸಿಕ್ಕಾಗ ಸದ್ದು ಮಾಡಿ ಒಡೆಯುತ್ತದೆ. ನೀರು ಸೇರಿದಂತೆ ಆ ಬಿಗಿ ಸಡಿಲವಾಗಿ ಕಾಳು ಒಡೆಯುವ ಬದಲು ಬಾಗುತ್ತದೆ. ಬೂಸ್ಟು ಹಿಡಿಯಲು 0.6ಕ್ಕಿಂತ ಹೆಚ್ಚು ಬೇಕಾದ್ದರಿಂದ ಮೆತ್ತಗಾದ ಮಂಡಕ್ಕಿ ಕೆಟ್ಟಿದೆ ಎಂದೇನೂ ಅಲ್ಲ. ಆದರೂ ಅದನ್ನು ದುಡ್ಡು ಕೊಟ್ಟು ಕೊಂಡವರಿಗೆ ನಾವು ಕೊಟ್ಟ ಮಾತು ಕೆಟ್ಟಂತೆಯೇ ಸರಿ.

ಆದ್ದರಿಂದ ಈಗ ಎಲ್ಲ ಪದಾರ್ಥಗಳನ್ನೂ ಕೂಡಿಸುವ ಮೊದಲೇ ಬೇರೆಬೇರೆಯಾಗಿ 0.3ಕ್ಕಿಂತ ಕೆಳಗೆ ಇಳಿಸಿಕೊಳ್ಳುತ್ತಿದ್ದೇವೆ. ಬೆಳ್ಳುಳ್ಳಿಯನ್ನು ತೆಳುವಾಗಿ ಹೆಚ್ಚಿ, ಟ್ರೇ ಡ್ರೈಯರ್‌ನಲ್ಲಿ 60 ಡಿಗ್ರಿಗೆ ಒಣಗಿಸಿ, ಆಮೇಲೆ ಸಣ್ಣ ಉರಿಯ ಎಣ್ಣೆಗೆ ಹಾಕುತ್ತೇವೆ. ನೇರವಾಗಿ ಕರಿಯಲು ಹೋದರೆ ಒಳಗೆ ತೇವ ಆರುವಷ್ಟರಲ್ಲಿ ಹೊರಗೆ ಕಂದಿ ಕಹಿಯಾಗುತ್ತದೆ. ಕರಿಬೇವು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಶೇಂಗಾವನ್ನು ಹುರಿದು, ಪೂರ್ತಿ ಆರಿಸಿ, ನಂತರವೇ ಬೆರೆಸುತ್ತೇವೆ. ಬೆರೆಸಿದ್ದನ್ನು ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ ಒಂದು ರಾತ್ರಿ ಇಟ್ಟು, ಬೆಳಗ್ಗೆ ಮಂಡಕ್ಕಿಯನ್ನು ಮಾತ್ರ ಆರಿಸಿ ಮತ್ತೆ ಅಳೆಯುವುದರಿಂದ ಯಾವ ಪದಾರ್ಥ ನೀರು ಬಿಟ್ಟುಕೊಟ್ಟಿತು ಎಂಬುದನ್ನು ಊಹಿಸುವ ಅಗತ್ಯವಿಲ್ಲ. ಈ ಕ್ರಮ ಬಂದ ಮೇಲೆ ಗರಿಯ ವಿಷಯದಲ್ಲಿ ಕೆಲಸ ನಿಜವಾಗಿ ಮುಂದೆ ಸಾಗಿದೆ.

ಎಣ್ಣೆಯ ಸಮಸ್ಯೆ ಬೇರೆಯದೇ. ಮಂಡಕ್ಕಿಯ ಕಾಳು ತೂತುತೂತಾಗಿರುವುದರಿಂದ ಎಣ್ಣೆ ತೆಳ್ಳಗೆ ಹರಡಿ ಗಾಳಿಗೆ ಮೈಯೊಡ್ಡಿಕೊಳ್ಳುತ್ತದೆ, ಬೇಗ ಕಮಟು ವಾಸನೆ ಹಿಡಿಯುತ್ತದೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಾಗಿರುವ ಲಿನೋಲಿಯಿಕ್ ಎಂಬ ಕೊಬ್ಬಿನಾಮ್ಲವು, ಶೇಂಗಾ ಎಣ್ಣೆಯಲ್ಲಿ ಹೆಚ್ಚಾಗಿರುವ ಒಲಿಯಿಕ್ ಆಮ್ಲಕ್ಕಿಂತ ಹಲವು ಪಟ್ಟು ವೇಗವಾಗಿ ಗಾಳಿಯೊಡನೆ ವರ್ತಿಸುತ್ತದೆ. ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆ ಈ ವಿಷಯದಲ್ಲಿ ವಾಸಿ, ರುಚಿಯಲ್ಲಂತೂ ಅದಕ್ಕೆ ಸಾಟಿಯಿಲ್ಲ. ಬೆಲೆ ಹೆಚ್ಚಾದರೂ ಅದನ್ನೇ ಉಳಿಸಿಕೊಳ್ಳಬೇಕೆಂದು ವಾದಿಸಿ ಒಪ್ಪಿಸಿದ್ದೇನೆ. ಪೊಟ್ಟಣದೊಳಗೆ ಗಾಳಿಯ ಬದಲು ನೈಟ್ರೋಜನ್ ತುಂಬುವುದರಿಂದ ಕಮಟು ತಡವಾಗುತ್ತದೆ, ಸಾಗಣೆಯಲ್ಲಿ ಕಾಳು ನುಗ್ಗಾಗುವುದೂ ತಪ್ಪುತ್ತದೆ.

ಮಾರಾಟದವರು ಒಳಗಿನ ಹಳದಿ ಬಣ್ಣ ಕಾಣಲೆಂದು ಪೊಟ್ಟಣದ ಮುಂದೆ ಪಾರದರ್ಶಕ ಕಿಟಕಿ ಕೇಳಿದ್ದರು. ಆದರೆ ಅರಿಸಿನಕ್ಕೆ ಆ ಬಣ್ಣ ಕೊಡುವ ಕರ್ಕ್ಯುಮಿನ್ ಬೆಳಕಿಗೆ ಮಾಸುತ್ತದೆ, ಎಣ್ಣೆಯೂ ಬೆಳಕಿಗೆ ಬೇಗ ಹಾಳಾಗುತ್ತದೆ. ಒಂದು ಪೊಟ್ಟಣವನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೂ ಇನ್ನೊಂದನ್ನು ಕಪಾಟಿನ ಕತ್ತಲಲ್ಲೂ ಇಟ್ಟು ಆಮೇಲೆ ಅವರ ಮುಂದೆ ಸುರಿದಾಗ ಚರ್ಚೆ ಮುಗಿಯಿತು. ಅಲ್ಯೂಮಿನಿಯಂ ಲೇಪಿತ ಹಾಳೆಯೇ ನಿಂತಿದೆ.

ಖಾರಕ್ಕೆ ಬ್ಯಾಡಗಿ ಮತ್ತು ಗುಂಟೂರು ಎರಡೂ ಮೆಣಸಿನಕಾಯಿ ಬೇಕು: ಮೊದಲನೆಯದು ಬಣ್ಣಕ್ಕೆ, ಎರಡನೆಯದು ಘಾಟಿಗೆ. ಎರಡರ ಪ್ರಮಾಣ ಬದಲಿಸಿದಾಗ ತಿನ್ನುವವರಿಗೆ ಅದು ತಿಳಿಯುತ್ತದೆಯೇ ಎಂದು ನೋಡಲು ತ್ರಿಕೋನ ಪರೀಕ್ಷೆ ಮಾಡುತ್ತೇವೆ. ಮೂರು ಬಟ್ಟಲುಗಳಲ್ಲಿ ಎರಡು ಒಂದೇ, ಒಂದು ಬೇರೆ, ಬೇರೆಯದನ್ನು ಗುರುತಿಸಬೇಕು. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರಾದ್ದರಿಂದ, 24 ಮಂದಿ ರುಚಿ ನೋಡಿದರೆ ಕನಿಷ್ಠ 13 ಮಂದಿ ಸರಿ ಹೇಳಿದಾಗ ಮಾತ್ರ ವ್ಯತ್ಯಾಸವಿದೆ ಎಂದು ಒಪ್ಪುತ್ತೇವೆ. ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳು ಈ ಪರೀಕ್ಷೆಯಲ್ಲಿ ಕಚೇರಿಯವರಿಗಿಂತ ಚುರುಕು. ಅವರ ನಾಲಿಗೆಯನ್ನು ನಾನು ಯಂತ್ರದಷ್ಟೇ ನಂಬುತ್ತೇನೆ.

ಪುಟಾಣಿ ಮಸಾಲೆಯ ಚೀಲ ಮಾತ್ರ ಇನ್ನೂ ಹದಕ್ಕೆ ಬಂದಿಲ್ಲ. ಹುಳಿಗೆ ಹಾಕಿದ ಆಮ್‌ಚೂರು ತೇವ ಹಿಡಿದು ಹಿಟ್ಟನ್ನು ಗಂಟು ಕಟ್ಟಿಸುತ್ತಿದೆ. ನಿರ್ಜಲ ಸಿಟ್ರಿಕ್ ಆಮ್ಲ ಹಾಕಿದರೆ ಗಂಟು ಕಡಿಮೆ, ಆದರೆ ಹುಳಿ ನಾಲಿಗೆಯ ತುದಿಗೆ ಚುಚ್ಚಿ ತಕ್ಷಣ ಮಾಯವಾಗುತ್ತದೆ. ಎರಡನ್ನೂ ಬೆರೆಸಿದ ಮಾದರಿಗಳು ತಯಾರಾಗಿವೆ. ಲೇಬಲ್ಲಿನ ಕರಡು ಮುಗಿದಿದೆ: ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿವೆ, ಶೇಂಗಾ ಅಲರ್ಜಿಯ ಸೂಚನೆ ಸ್ಪಷ್ಟವಾಗಿದೆ.

ಎಷ್ಟು ದಿನ ಬಾಳುತ್ತವೆ ಎಂದು ನೋಡಲು ಪೊಟ್ಟಣಗಳು ಈಗ ಎರಡು ಕೋಣೆಗಳಲ್ಲಿ ಕುಳಿತಿವೆ: ಕೆಲವು 27 ಡಿಗ್ರಿ ಉಷ್ಣತೆ ಮತ್ತು ಶೇಕಡಾ 65ರ ತೇವದಲ್ಲಿ, ಉಳಿದವು ಬೇಗ ಹಳತಾಗಲೆಂದು 38 ಡಿಗ್ರಿ ಮತ್ತು ಶೇಕಡಾ 90ರಲ್ಲಿ. ಎರಡನೆಯ ಕೋಣೆಯ ಪೊಟ್ಟಣಗಳು ಇದುವರೆಗೆ ಗರಿ ಬಿಟ್ಟಿಲ್ಲ, ಶೇಂಗಾದಲ್ಲಿ ಮಾತ್ರ ತಾಜಾತನ ಸ್ವಲ್ಪ ತಗ್ಗಿದೆ. ಆದ್ದರಿಂದ ಮುಂದಿನ ಕಂತಿಗೆ ಶೇಂಗಾವನ್ನು ಬೇಳೆ ಒಡೆಯದೆ ಇಡಿಯಾಗಿ ಹುರಿದು ಹಾಕಲಿದ್ದೇವೆ. ಒಡೆದ ಬೇಳೆಗೆ ಗಾಳಿ ತಾಗುವ ಮೈ ಹೆಚ್ಚು.