ಬರಹದ ಪುಟ ಯಾರಿಗೂ ಬೇಡವಂತೆ

ಶನಿವಾರ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ಬರಹದ ಪುಟ ಯಾರಿಗೂ ಬೇಡ."

ಲಂಡನ್ನಿನ ಒಂದು ಹಳೆ ಚಿತ್ರಗಳ ಅಂಗಡಿ. ಹಳೆ ಪುಸ್ತಕಗಳಿಂದ ಬಿಡಿಸಿದ ಚಿತ್ರದ ಹಾಳೆಗಳನ್ನು ಒಂದೊಂದಾಗಿ ಮಾರುತ್ತಾರೆ. ಅತ್ತಿಗೆಗೆ ಹಾಲ್‌ನಲ್ಲಿ ಹಾಕೋಕೆ ಹಕ್ಕಿಯ ಚಿತ್ರ ಬೇಕಿತ್ತು. ಅಂಗಡಿಯವರು ಗೋಲ್ಡ್‌ಫಿಂಚ್ ತೆಗೆದು ತೋರಿಸಿದರು. ಕೆಂಪು ಮುಖ, ರೆಕ್ಕೆಯಲ್ಲಿ ಹಳದಿ ಪಟ್ಟಿ. ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೌಲ್ಡ್ ಅವರ 'ಬರ್ಡ್ಸ್ ಆಫ್ ಯುರೋಪ್' ಪುಸ್ತಕದ್ದು. 1832ರಿಂದ 1837ರವರೆಗೆ ಕಂತುಕಂತಾಗಿ ಬಂದ ಪುಸ್ತಕ, ಒಟ್ಟು 448 ಚಿತ್ರ. ಜಿಡ್ಡಿನ ಬಳಪದಿಂದ ಸುಣ್ಣಕಲ್ಲಿನ ಮೇಲೆ ಬರೆದು, ಅಚ್ಚು ತೆಗೆದು, ಆಮೇಲೆ ಒಂದೊಂದು ಹಾಳೆಗೂ ಕೈಯಲ್ಲೇ ಬಣ್ಣ ಹಚ್ಚುತ್ತಿದ್ದರು.

"ಹಕ್ಕಿಯ ಬಗ್ಗೆ ಬರೆದ ಪುಟವೂ ಜೊತೆಗೆ ಇರುತ್ತಲ್ವಾ? ಅದೆಲ್ಲಿ?" ಎಂದು ಕೇಳಿದೆ. ಆಗ ಬಂದ ಉತ್ತರ ಅದು.

ಅಂಗಡಿಯವರು ಕೆಟ್ಟವರಲ್ಲ. ಹಾಳೆಯನ್ನು ಎಷ್ಟು ಜೋಪಾನವಾಗಿ ಹಿಡಿದಿದ್ದರು! ಇಡೀ ಪುಸ್ತಕಕ್ಕೆ ಗಿರಾಕಿ ಸಿಗುವುದು ಕಷ್ಟ, ಬಿಡಿಸಿ ಮಾರಿದರೆ ನಮ್ಮಂಥವರ ಮನೆಗೂ ಒಂದು ಬರುತ್ತದೆ. ಒಪ್ಪುತ್ತೇನೆ. ಆದರೆ ಬರಹದ ಪುಟ ಯಾರಿಗೂ ಬೇಡ ಅಂದರೆ? ಥಿಸಲ್ ಅನ್ನೋ ಮುಳ್ಳುಗಿಡದ ಬೀಜ ಕಂಡರೆ ಈ ಹಕ್ಕಿಗೆ ಪ್ರಾಣ. ಆ ಚೂಪು ಕೊಕ್ಕು ಮುಳ್ಳಿನ ನಡುವಿನಿಂದ ಬೀಜ ಎತ್ತೋಕೇ ಇರುವಂಥದ್ದು. ಇಂಥದ್ದು ಗೊತ್ತಿಲ್ಲದೆ ನೋಡಿದರೆ ಉಳಿಯುವುದು ಸೋಫಾಗೆ ಹೊಂದುವ ಬಣ್ಣ ಅಷ್ಟೇ. ಪಕ್ಕದಲ್ಲಿದ್ದ ಗಂಡ ಹೆಂಡತಿ ಸೋಫಾದ ಫೋಟೋ ಹಿಡಿದುಕೊಂಡೇ ಹಕ್ಕಿ ಆರಿಸುತ್ತಿದ್ದರು. ನನಗೆ ನಿಜವಾಗಿ ಸಂಕಟವಾಯಿತು.

ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ 'ಜೆ. ಅಂಡ್ ಇ. ಗೌಲ್ಡ್' ಅಂತಿದೆ. ಆ 'ಇ' ಎಲಿಜಬೆತ್, ಜಾನ್ ಅವರ ಹೆಂಡತಿ. ಈ ಪುಸ್ತಕದ ಬಹುಪಾಲು ಚಿತ್ರಗಳನ್ನು ಕಲ್ಲಿನ ಮೇಲೆ ಬರೆದದ್ದು ಆಕೆಯೇ. 1841ರಲ್ಲಿ, ಎಂಟನೇ ಹೆರಿಗೆಯ ನಂತರ ಜ್ವರ ಬಂದು ತೀರಿಕೊಂಡರು. ಆಗ ವಯಸ್ಸು 37. ಅಂಗಡಿಯ ಚೀಟಿಯಲ್ಲಿ ಇದ್ದದ್ದು ಜಾನ್ ಹೆಸರು ಮಾತ್ರ. ಬಣ್ಣ ಹಚ್ಚಿದವರ ಹೆಸರಂತೂ ಹಾಳೆಯ ಮೇಲೂ ಇಲ್ಲ. ಪುಟ ಹೋಯಿತು, ಹೆಸರೂ ಹೋಗುತ್ತಿದೆ. ಯಾರಿಗೂ ಬೇಡ ಅಂತ ನಿರ್ಧಾರ ಮಾಡುವವರು ಯಾರು? ಕೊಳ್ಳುವ ನಾವೇ ಕೇಳದಿದ್ದರೆ ಅಂಗಡಿಯವರು ಯಾಕೆ ಇಟ್ಟುಕೊಳ್ಳುತ್ತಾರೆ?

ಅತ್ತಿಗೆ ಚಿತ್ರ ಕೊಂಡರು. ಸುತ್ತ ಬಿಳಿ ರಟ್ಟಿನ ಅಂಚು ಕೂರಿಸಿದರೆ ಚೆಂದ ಅಂದರು ಫ್ರೇಮಿನವರು. ಹಾಗೆ ಮಾಡಿದರೆ ಕೆಳಗಿನ ಸಾಲು ಮುಚ್ಚಿಹೋಗುತ್ತದೆ. "ಅತ್ತಿಗೆ, ಆ ಹೆಸರು ಕಾಣಲೇಬೇಕು" ಎಂದೆ. "ಅಷ್ಟು ಸಣ್ಣ ಅಕ್ಷರ ಯಾರು ಓದ್ತಾರಪ್ಪ?" ಅಂದರು. ಎಲಿಜಬೆತ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಸರು ಕಾಣೋ ಹಾಗೆ ರಟ್ಟಿನ ಕಿಂಡಿಯನ್ನು ಕೆಳಗಡೆ ಇನ್ನಷ್ಟು ಕತ್ತರಿಸಿ ಅಂತ ಫ್ರೇಮಿನವರಿಗೆ ಅವರೇ ಹೇಳಿದರು.