ಸಮುವೇಲನ ಕಥೆಯನ್ನು ಮಕ್ಕಳ ಜೊತೆ ಪೂರ್ತಿ ಓದಿದಾಗ

ಸತ್ಯವೇದದಲ್ಲಿ (ಬೈಬಲಿನಲ್ಲಿ) ಬರುವ ಸಮುವೇಲನ ಕಥೆಯನ್ನು ಮಕ್ಕಳಿಗೆ ಹೇಳುವಾಗ ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಶೀಲೋವಿನ ದೇವಾಲಯದಲ್ಲಿ ರಾತ್ರಿ, ದೇವರ ದೀಪ ಇನ್ನೂ ಆರಿಲ್ಲ, ಮಲಗಿದ್ದ ಹುಡುಗನಿಗೆ ಯಾರೋ ಕರೆದ ಹಾಗೆ ಕೇಳಿಸುತ್ತದೆ, ಎದ್ದು ಯಾಜಕ ಏಲಿಯ ಹತ್ತಿರ ಓಡುತ್ತಾನೆ, ನಾನು ಕರೀಲಿಲ್ಲ ಹೋಗಿ ಮಲಗು ಅನ್ನುತ್ತಾನೆ ಆ ಮುದುಕ. ಹೀಗೆ ಮೂರು ಸಲ. ನಾಲ್ಕನೇ ಸಲ ಹುಡುಗ, ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಿದ್ದೇನೆ ಅನ್ನುತ್ತಾನೆ. ಅಲ್ಲಿಗೆ ಪಾಠ ಮುಗಿಯಿತು. ಮೊಣಕಾಲೂರಿದ ಪುಟ್ಟ ಸಮುವೇಲನ ಚಿತ್ರ ಕೊಟ್ಟು ಬಣ್ಣ ಹಚ್ಚಿ ಅನ್ನುತ್ತಾರೆ. ನಾನೂ ಹಾಗೇ ಕಲಿತವಳು.

ಹೋದ ವಾರ ನಮ್ಮ ಮನೆ ಪ್ರಾರ್ಥನೆಯಲ್ಲಿ ಆ ಅಧ್ಯಾಯವನ್ನು, ಅಂದರೆ 1 ಸಮುವೇಲದ ಮೂರನೆಯದನ್ನು, ಕೊನೆಯವರೆಗೂ ಓದಿದೆವು. ಓದುವ ಸರದಿ ದೊಡ್ಡವಳದು. ದೇವರು ಆ ಹುಡುಗನಿಗೆ ಹೇಳಿದ್ದು ಏನು? ಸಿಹಿ ಸುದ್ದಿ ಏನೂ ಅಲ್ಲ. ಏಲಿಯ ಮನೆತನಕ್ಕೆ ಶಿಕ್ಷೆ ಬರುತ್ತದೆ, ತನ್ನ ಮಕ್ಕಳು ಕೆಟ್ಟದ್ದು ಮಾಡುತ್ತಿದ್ದಾರೆ ಅಂತ ಗೊತ್ತಿದ್ದೂ ಅವನು ಅವರನ್ನು ತಡೆಯಲಿಲ್ಲ ಅಂತ. ಚಿಕ್ಕವನು ಅಕ್ಕನನ್ನು ಅಲ್ಲೇ ನಿಲ್ಲಿಸಿದ. "ಅಮ್ಮಾ, ಇಷ್ಟು ಕೆಟ್ಟ ಸುದ್ದೀನ ಚಿಕ್ಕ ಹುಡುಗನ ಹತ್ರ ಯಾಕೆ ಹೇಳ್ಬೇಕಿತ್ತು? ಆ ತಾತನಿಗೇ ಹೇಳ್ಬಹುದಿತ್ತಲ್ವಾ?"

ನಾವು ಒಂದು ಪುಟ ಹಿಂದಕ್ಕೆ ತಿರುಗಿಸಿದೆವು. ಉತ್ತರ ಅಲ್ಲೇ ಇತ್ತು. ಎರಡನೇ ಅಧ್ಯಾಯದಲ್ಲಿ ಒಬ್ಬ ದೇವರ ಮನುಷ್ಯ ಬಂದು ಏಲಿಗೆ ಇದನ್ನೆಲ್ಲ ನೇರವಾಗಿ ಹೇಳಿದ್ದಾನೆ. ಏಲಿಗೆ ಮೊದಲೇ ಗೊತ್ತು. ಅವನ ಮಕ್ಕಳು ಹೊಫ್ನಿ, ಫೀನೆಹಾಸ. ಜನ ಯಜ್ಞದ ಮಾಂಸ ಬೇಯಿಸುತ್ತಿರುವಾಗ ಇವರ ಆಳು ಮೂರು ಮುಳ್ಳಿನ ಕೊಕ್ಕೆ ಹಿಡಿದು ಬಂದು ಪಾತ್ರೆಗೆ ಚುಚ್ಚುತ್ತಿದ್ದ, ಸಿಕ್ಕಿದ್ದೆಲ್ಲ ಇವರಿಗೆ. (ಚಿಕ್ಕವನಿಗೆ ಆ ಕೊಕ್ಕೆ ಬಹಳ ಇಷ್ಟವಾಯಿತು, ಎರಡು ಸಲ ಓದಿಸಿದ.) ಏಲಿ ವಯಸ್ಸಾದ ಮೇಲೆ ಅವರನ್ನು ಕರೆದು ಬುದ್ಧಿ ಹೇಳಿದ್ದೂ ಇದೆ. ಅವರು ಕೇಳಲಿಲ್ಲ. ಅವನು ಅಲ್ಲಿಗೇ ಬಿಟ್ಟ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಏಲಿ ಕೆಟ್ಟವನಲ್ಲ, ಅದೇ ಸಂಕಟ. ದೇವಾಲಯದ ಬಾಗಿಲಲ್ಲೇ ಕೂತಿರುತ್ತಿದ್ದ ಯಾಜಕ. ಮಕ್ಕಳಿಲ್ಲದ ಹನ್ನಳಿಗೆ, ಸಮಾಧಾನದಿಂದ ಹೋಗು, ನೀನು ಬೇಡಿದ್ದನ್ನು ದೇವರು ಕೊಡಲಿ ಅಂದವನು ಅವನೇ. ಹನ್ನಳ ಮಗ ಈ ಸಮುವೇಲನಿಗೆ ದೇವರ ಸ್ವರ ಯಾವುದು ಅಂತ ಹೇಳಿಕೊಟ್ಟವನೂ ಅವನೇ. ಬೇರೆಯವರ ಮಗುವಿಗೆ ಕಲಿಸಿದ. ಅವನ ಮನೆಯೊಳಗೆ ಮಾತ್ರ ಆ ಮಾತು ನಡೆಯಲಿಲ್ಲ. ಸಭೆಯ (ಚರ್ಚಿನ) ಕೆಲಸ, ಸ್ತ್ರೀ ಸಂಘ, ಕ್ವಾಯರ್, ಕಮಿಟಿ ಅಂತ ಓಡಾಡುವ ನಮ್ಮಂಥವರೆಲ್ಲ ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಕೂತು ಓದಬೇಕು ಅನ್ನಿಸಿತು.

ಆಗ ನೆನಪಾದದ್ದು ನಮ್ಮಜ್ಜಿಯ ಕೈ.

ಅಜ್ಜಿಯ ಮನೆ ತುಮಕೂರಿನಲ್ಲಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಚಾಪೆಯ ಮೇಲೆ. ಏನು ಓದುತ್ತಿದ್ದರು, ಎಷ್ಟು ಹೊತ್ತು ಆಗುತ್ತಿತ್ತು, ಒಂದೂ ನನಗೀಗ ಸರಿಯಾಗಿ ನೆನಪಿಲ್ಲ. ಕೈ ಮಾತ್ರ ನೆನಪಿದೆ. ಕೊನೆಯಲ್ಲಿ ಕರ್ತನ ಪ್ರಾರ್ಥನೆ ಮುಗಿದ ಮೇಲೆ ನಾವು ಮೊಮ್ಮಕ್ಕಳು ಒಬ್ಬೊಬ್ಬರಾಗಿ ಅವರ ಮುಂದೆ ಹೋಗಿ ಕೂರಬೇಕು. ಅಜ್ಜಿ ಬಲಗೈಯನ್ನು ನಡುನೆತ್ತಿಯ ಮೇಲೆ ಇಡುತ್ತಿದ್ದರು. ಸುಮ್ನೆ ಮುಟ್ಟುವುದಲ್ಲ, ಭಾರ ಬಿಟ್ಟು ಇಡುವುದು. ರಾಗಿ ಮುದ್ದೆ ತೊಳಸಿ ತೊಳಸಿ ಗಟ್ಟಿಯಾದ ಕೈ, ಬೆರಳ ತುದಿಯೆಲ್ಲ ಒರಟು, ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ಲಾಂದ್ರದ ಬತ್ತಿ ಸರಿ ಮಾಡಿದ ಸೀಮೆಎಣ್ಣೆ ವಾಸನೆ, ಅದರ ಜೊತೆಗೆ ಬೆಳ್ಳುಳ್ಳಿ ಒಗ್ಗರಣೆ. "ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ" ಅಂತ ಶುರು ಮಾಡಿ ಪೂರ್ತಿ ಹೇಳುವವರೆಗೂ ಕೈ ತೆಗೆಯುತ್ತಿರಲಿಲ್ಲ. ಆಮೇಲೆ ಹೆಸರು ಹಿಡಿದು ಒಂದು ಮಾತು: ಇವಳಿಗೆ ಲೆಕ್ಕ ಬರಲಿ ತಂದೆಯೇ, ಇವನ ಕೆಮ್ಮು ಹೋಗಲಿ ತಂದೆಯೇ, ಇವಳು ಸುಳ್ಳು ಹೇಳೋದು ಬಿಡಲಿ ತಂದೆಯೇ. ನಾವು ಮಾಡಿದ್ದೆಲ್ಲ ಅಜ್ಜಿಗೆ ಹೇಗೆ ಗೊತ್ತಾಗುತ್ತಿತ್ತೋ! ಅವರು ಹೋಗಿ ಎಷ್ಟೋ ವರ್ಷವಾಯಿತು. ಪರೀಕ್ಷೆಯ ದಿನ, ಹೆರಿಗೆಯ ದಿನ, ಅಪ್ಪ ತೀರಿಕೊಂಡ ದಿನ ನನ್ನ ನೆತ್ತಿಗೆ ಆ ಭಾರ ಗೊತ್ತಾಗಿದೆ. ಇದನ್ನು ಯಾರು ನಂಬುತ್ತಾರೋ ಬಿಡುತ್ತಾರೋ, ನಾನಂತೂ ಕರ್ತನಿಗೆ ಸ್ತೋತ್ರ ಹೇಳುತ್ತೇನೆ.

ಅಜ್ಜಿ ಹೇಳುತ್ತಿದ್ದದ್ದು ಸತ್ಯವೇದದ ಅರಣ್ಯಕಾಂಡದ 6ನೇ ಅಧ್ಯಾಯದ ಆಶೀರ್ವಾದ, ಯಾಜಕ ಆರೋನನಿಗೂ ಅವನ ಮಕ್ಕಳಿಗೂ ಕೊಟ್ಟದ್ದು. 1979ರಲ್ಲಿ ಯೆರೂಸಲೇಮಿನ ಹತ್ತಿರ, ಹಿನ್ನೋಮ್ ಕಣಿವೆಯ ಪಕ್ಕದ ಒಂದು ಹಳೇ ಸಮಾಧಿಯಲ್ಲಿ ಎರಡು ಪುಟಾಣಿ ಬೆಳ್ಳಿ ಸುರುಳಿಗಳು ಸಿಕ್ಕಿದವು. ಬಿಚ್ಚಿದರೆ ಪುಡಿಯಾಗುವಷ್ಟು ತೆಳು, ಬಿಚ್ಚುವುದಕ್ಕೇ ವರ್ಷಗಳು ಹಿಡಿದವು. ಒಳಗೆ ಗೀಚಿದ್ದದ್ದು ಇದೇ ಆಶೀರ್ವಾದದ ಮಾತುಗಳು. ಕ್ರಿಸ್ತನಿಗಿಂತ ಸುಮಾರು 600 ವರ್ಷ ಹಿಂದಿನದ್ದು ಅನ್ನುತ್ತಾರೆ ತಿಳಿದವರು, ಇವತ್ತಿನವರೆಗೆ ಸಿಕ್ಕಿರುವ ಸತ್ಯವೇದದ ಬರಹದಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಯಾರೋ ಅದನ್ನು ತಾಯಿತದಂತೆ ಮೈಮೇಲೆ ಧರಿಸಿದ್ದರು. ಮಕ್ಕಳಿಗೆ ಇದನ್ನು ಹೇಳಿದಾಗ ದೊಡ್ಡವಳು ಸುಮ್ಮನೆ ತಲೆಯ ಮೇಲೆ ತಾನೇ ಕೈ ಇಟ್ಟುಕೊಂಡು ನೋಡಿದಳು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಂಗಳೂರಿನ ಕಥೋಲಿಕ ಕುಟುಂಬ ಒಂದಿದೆ. ಅವರಲ್ಲಿ ಸಂಜೆ ತೆರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಕೂಡಲೇ ಮಕ್ಕಳು ಹಿರಿಯರ ಹತ್ತಿರ ಹೋಗಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ಅಜ್ಜ ಅಜ್ಜಿ ಇದ್ದರೆ ಅವರಿಗೆ ಮೊದಲು. ಅದನ್ನು ನೋಡಿದರೆ ನನಗೆ ಕಣ್ಣು ತುಂಬುತ್ತದೆ. ಪ್ರಾರ್ಥನೆಯ ರೀತಿ ಬೇರೆ ಇರಬಹುದು, ಆ ಕೈ ಒಂದೇ.

ಅಜ್ಜಿಗೆ ಇದು ಎಲ್ಲಿಂದ ಬಂತು? ನಮ್ಮದು ಹಳೇ ವೆಸ್ಲಿಯನ್ ಸಭೆ. 1947ರಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆದ ಮೇಲೂ ಅಜ್ಜಿ "ನಮ್ಮ ವೆಸ್ಲಿ ಸಭೆ" ಅಂತಲೇ ಅನ್ನುತ್ತಿದ್ದರು. ಆ ಸಭೆಯ ಮೂಲಪುರುಷ ಜಾನ್ ವೆಸ್ಲಿಯ ತಾಯಿ ಸುಸಾನಾಳ ಕಥೆ ಅವರ ಬಾಯಲ್ಲೇ ಇತ್ತು. ಇಂಗ್ಲೆಂಡಿನ ಎಪ್‌ವರ್ತ್ ಅನ್ನುವ ಹಳ್ಳಿಯಲ್ಲಿ ಪಾದ್ರಿಯ ಹೆಂಡತಿ. ಹೆತ್ತದ್ದು 19 ಮಕ್ಕಳು, ಉಳಿದದ್ದು 10. ಸಾಲ, ಬಡತನ, ಸಾಲದ್ದಕ್ಕೆ 1709ರ ಫೆಬ್ರವರಿಯಲ್ಲಿ ಮನೆಗೆ ಬೆಂಕಿ ಬಿತ್ತು. 5 ವರ್ಷದ ಜಾನ್ ಮಹಡಿಯಲ್ಲಿ ಸಿಕ್ಕಿಕೊಂಡ, ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಕಿಟಕಿಯಿಂದ ಇಳಿಸಿಕೊಂಡರು. ಇದನ್ನು ಹೇಳುವಾಗ ಅಜ್ಜಿ ಎದ್ದು ನಿಂತು ಕೈ ಎತ್ತಿ ತೋರಿಸುತ್ತಿದ್ದರು.

ಆದರೆ ನನಗೆ ಈಗ ತಾಯಿಯಾದ ಮೇಲೆ ಮನಸ್ಸಿಗೆ ನಾಟಿದ್ದು ಬೆಂಕಿಯಲ್ಲ, ಆಮೇಲಿನ ಸಂಜೆಗಳು. ಸುಸಾನಾ ಪ್ರತಿ ಮಗುವಿಗೂ ವಾರದಲ್ಲಿ ಒಂದು ಸಂಜೆ ಇಟ್ಟಿದ್ದಳು. ಆ ಹೊತ್ತಿನಲ್ಲಿ ಆ ಮಗು, ತಾಯಿ, ಇಬ್ಬರೇ. ದೇವರ ವಿಷಯ, ಮನಸ್ಸಿನ ವಿಷಯ, ಭಯ, ತಪ್ಪು, ಏನು ಬೇಕಾದರೂ ಮಾತಾಡಬಹುದು. ಗುರುವಾರ ಜಾನ್‌ನದು. ಅವನು ದೊಡ್ಡವನಾಗಿ ಮೇಷ್ಟ್ರಾದ ಮೇಲೂ ಆ ಗುರುವಾರದ ಸಂಜೆ ತನಗೆ ಮತ್ತೆ ಬೇಕು ಅಂತ ತಾಯಿಗೆ ಕಾಗದ ಬರೆದ. ಗಂಡ ಲಂಡನ್ನಿಗೆ ಹೋಗಿದ್ದಾಗ ಅವಳು ಅಡುಗೆಮನೆಯಲ್ಲಿ ಮಕ್ಕಳನ್ನೂ ಆಳುಗಳನ್ನೂ ಕೂರಿಸಿಕೊಂಡು ಭಾನುವಾರ ಸಂಜೆ ಓದಿ ಪ್ರಾರ್ಥನೆ ಮಾಡುತ್ತಿದ್ದಳು, ಅಕ್ಕಪಕ್ಕದವರು ಬಂದು ಬಂದು ಸುಮಾರು 200 ಜನ ಸೇರುವ ಹಾಗಾಯಿತು. ಇಂಗ್ಲೆಂಡಿನ ಒಂದು ಅಡುಗೆಮನೆಯಲ್ಲಿ ಹತ್ತಿದ ದೀಪ ತುಮಕೂರಿನ ಚಾಪೆಯವರೆಗೂ ಬಂತು ಅಂದರೆ, ದೇವರ ಕೆಲಸ ನೋಡಿ.

ಸತ್ಯವೇದದಲ್ಲಿ ಪೌಲನ ಶಿಷ್ಯ ತಿಮೊಥೆಯ ಅಜ್ಜಿ ಲೋವಿ, ತಾಯಿ ಯೂನಿಕೆ ಇಬ್ಬರ ಹೆಸರೂ ಹೀಗೇ ಉಳಿದದ್ದು ಅಲ್ವಾ? ಅವರು ಉಪದೇಶ ಮಾಡಿದ್ದು ಎಲ್ಲೂ ಇಲ್ಲ, ಅದ್ಭುತ ಮಾಡಿದ್ದು ಇಲ್ಲ. ಒಬ್ಬ ಅಜ್ಜಿ, ಒಬ್ಬ ಅಮ್ಮ. ತಿಮೊಥೆಗೆ ಚಿಕ್ಕಂದಿನಿಂದ ಪವಿತ್ರ ಗ್ರಂಥ ಗೊತ್ತಿತ್ತು ಅಂತ ಪೌಲ ಬರೆಯುತ್ತಾನೆ. ಅವನ ತಂದೆ ಗ್ರೀಕನು. ಆ ಮನೆಯಲ್ಲಿ ಯಾರು ಹೇಳಿಕೊಟ್ಟಿರಬೇಕು?

ಈಗ ಒಂದು ಮಾತು ಬೇಜಾರಿನಿಂದಲೇ ಹೇಳಬೇಕು. ನಮ್ಮ ಮನೆಗಳಲ್ಲಿ ಇದು ಕಡಿಮೆಯಾಗುತ್ತಿದೆ. ಬೆಳಗ್ಗೆ ವಾಟ್ಸಾಪಿನಲ್ಲಿ ವಚನದ ಚಿತ್ರ ಬರುತ್ತದೆ, ಅದಕ್ಕೊಂದು ಆಮೆನ್ ಹಾಕಿ ಮುಂದಕ್ಕೆ ಕಳಿಸುತ್ತೇವೆ. ಯೂಟ್ಯೂಬಿನಲ್ಲಿ ಪ್ರಸಂಗ ಓಡುತ್ತಿರುತ್ತದೆ, ನಾವು ತರಕಾರಿ ಹೆಚ್ಚುತ್ತಿರುತ್ತೇವೆ, ಮಕ್ಕಳು ಇನ್ನೊಂದು ರೂಮಿನಲ್ಲಿ. ಕನ್ನಡ ಸತ್ಯವೇದ ಗಾಜಿನ ಕಪಾಟಿನಲ್ಲಿದೆ, ಮಕ್ಕಳಿಗೆ ಅದನ್ನು ಓದಲು ಬರುವುದಿಲ್ಲ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ಕೂತು ಕೆಲಸ ಮಾಡಿ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂತು. ಕಿಟ್ಟೆಲ್ ಅಂದರೆ ನಿಘಂಟು ಅಂತ ಎಲ್ಲರಿಗೂ ಗೊತ್ತು, ಆದರೆ ಅವರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಪದ್ಯ ಕಟ್ಟಿ 1862ರಲ್ಲೇ ಅಚ್ಚು ಹಾಕಿಸಿದ್ದರು, ನಮ್ಮ ಜನ ಹಾಡಲಿ ಅಂತ. ಅಷ್ಟು ಕಷ್ಟಪಟ್ಟು ಕೊಟ್ಟದ್ದು ಕಪಾಟಿನಲ್ಲಿ ಕೂತಿದೆ. ಸಂಡೇ ಸ್ಕೂಲಿನ ಟೀಚರ್‌ಗೆ ವಾರಕ್ಕೆ ಒಂದು ಗಂಟೆ ಸಿಗುತ್ತದೆ. ಉಳಿದ ಹೊತ್ತೆಲ್ಲ ಮಗು ನಮ್ಮ ಕೈಯಲ್ಲೇ ಇದೆ. ಮಾರ್ಟಿನ್ ಲೂಥರ್ 1529ರಲ್ಲಿ ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದಾಗ ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಒಂದೊಂದರ ತಲೆಯ ಮೇಲೂ, ಇದನ್ನು ಮನೆಯ ಯಜಮಾನನು ತನ್ನ ಮನೆಯವರಿಗೆ ಸರಳವಾಗಿ ಕಲಿಸಬೇಕಾದ ರೀತಿ ಅಂತ ಬರೆದ. ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಹೇಳುವುದೂ ಅದೇ: ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳ ಜೊತೆ ಈ ಮಾತುಗಳನ್ನು ಆಡಬೇಕು.

ದೊಡ್ಡದೇನೂ ಬೇಡ. ನಮ್ಮಲ್ಲಿ ಒಂದು ಹಾಡು, ಸ್ವಲ್ಪ ಓದು, ಮಕ್ಕಳ ಪ್ರಶ್ನೆ, ಪ್ರಾರ್ಥನೆ, ಆಶೀರ್ವಾದ. ಹಾಡು ನಮ್ಮ ಮನೆಯವರು ಎತ್ತುತ್ತಾರೆ, ಅವರದು ಗಟ್ಟಿ ದನಿ. ಓದುವುದಕ್ಕೆ ಮೊದಲು ಮಾರ್ಕನ ಸುವಾರ್ತೆ ತಗೊಳ್ಳಿ, 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಕಥೆ ಓಡುತ್ತದೆ. ಜ್ಞಾನೋಕ್ತಿ 31 ಅಧ್ಯಾಯ, ತಾರೀಖಿಗೆ ಒಂದರಂತೆ ಓದಬಹುದು, ದೊಡ್ಡ ಮಕ್ಕಳಿಗೆ ಹಿಡಿಸುತ್ತದೆ. ಕನ್ನಡ ಓದಲು ಬಾರದ ಮಗು ಇದ್ದರೆ ನೀವು ಒಂದು ವಾಕ್ಯ ಹೇಳಿ, ಅದು ಹಿಂದೆ ಹೇಳಲಿ. ಬಾಯಿಪಾಠ ಹಾಗೇ ಆಗುತ್ತದೆ, ನಮಗೂ ಹಾಗೇ ಆದದ್ದು. ಮಗು ಮಧ್ಯದಲ್ಲಿ ನಕ್ಕರೆ ಗದರಬೇಡಿ. ಕಷ್ಟದ ಭಾಗ ಬಂದರೆ ಹಾರಿಸಬೇಡಿ. ಸಮುವೇಲ ಬೆಳಗಾಗುವವರೆಗೂ ಮಲಗಿದ್ದು, ಎದ್ದು ದೇವಾಲಯದ ಬಾಗಿಲು ತೆಗೆದ, ಕೇಳಿದ್ದನ್ನು ಏಲಿಗೆ ಹೇಳಲು ಹೆದರಿದ ಅಂತ ಇದೆ. ನಮ್ಮ ಚಿಕ್ಕವನಿಗೆ ಮನಸ್ಸಿಗೆ ಹತ್ತಿದ್ದು ಆ ಹೆದರಿಕೆಯೇ. "ಪಾಪ, ಅವನು ಮಾಮೂಲಿ ಕೆಲಸ ಮಾಡ್ತಾ ಟೈಮ್ ತಳ್ತಿದ್ದಾನೆ" ಅಂದ. ಅರ್ಧಕ್ಕೆ ನಿಲ್ಲಿಸಿದ್ದರೆ ಆ ಹುಡುಗ ಇವನಿಗೆ ಸಿಗುತ್ತಲೇ ಇರಲಿಲ್ಲ.

ಮುಂದಿನ ಸಂಜೆಗಳಲ್ಲಿ 8ನೇ ಅಧ್ಯಾಯಕ್ಕೆ ಬಂದೆವು. ಅಲ್ಲಿ ಸಮುವೇಲನಿಗೆ ವಯಸ್ಸಾಗಿದೆ, ಅವನ ಮಕ್ಕಳು ಯೋವೇಲ, ಅಬೀಯ ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳು. ಇಬ್ಬರೂ ಲಂಚ ತಗೊಳ್ಳುತ್ತಾರೆ. ದೊಡ್ಡವಳು ಪುಸ್ತಕ ಕೆಳಗಿಟ್ಟಳು. "ಅಮ್ಮಾ, ಸಮುವೇಲನ ಮಕ್ಕಳೂನಾ? ಅವನು ಮನೇಲಿ ಪ್ರಾರ್ಥನೆ ಮಾಡ್ತಿರಲಿಲ್ವಾ?"

ಮಾಡದೇ ಇದ್ದಾನೆಯೇ ಆ ಮನುಷ್ಯ. ಏಲಿಗೆ ಬಂದ ಹಾಗೆ ಸಮುವೇಲನಿಗೆ ಶಿಕ್ಷೆಯ ಮಾತು ಬಂದದ್ದೂ ಎಲ್ಲೂ ಇಲ್ಲ. ಇದನ್ನು ಓದುವಾಗ ನನಗೆ ನಮ್ಮ ಸಭೆಯ ಕೆಲವು ತಾಯಂದಿರು ಕಣ್ಣ ಮುಂದೆ ಬಂದರು. ಸಂಜೆ ಪ್ರಾರ್ಥನೆ ತಪ್ಪಿಸಿದವರಲ್ಲ, ಉಪವಾಸ ಮಾಡಿದವರು, ಮಕ್ಕಳಿಗೆ ಕೀರ್ತನೆಗಳನ್ನೆಲ್ಲ ಬಾಯಿಪಾಠ ಮಾಡಿಸಿದವರು. ಮಕ್ಕಳು ಈಗ ದೇವಾಲಯದ ಕಡೆ ತಲೆ ಹಾಕುವುದಿಲ್ಲ. ಜನ ಅವರನ್ನು ನೋಡಿ ಹಿಂದಿನಿಂದ ಆಡಿಕೊಳ್ಳುತ್ತಾರೆ. ದಯವಿಟ್ಟು ಆಡಬೇಡಿ.

ಮಗಳಿಗೆ ಆ ಪ್ರಶ್ನೆಗೆ ಉತ್ತರ ಕೊಡುವ ಬದಲು 12ನೇ ಅಧ್ಯಾಯ ತೆಗೆದುಕೊಟ್ಟೆ. ಸಮುವೇಲ ಇಡೀ ಜನರ ಮುಂದೆ ನಿಂತು, ನಾನು ಮುದುಕನಾದೆ, ತಲೆ ನರೆಯಿತು, ನನ್ನ ಮಕ್ಕಳು ನಿಮ್ಮ ಸಂಗಡ ಇದ್ದಾರೆ ಅನ್ನುತ್ತಾನೆ. ಅದೇ ಮಾತಿನ ಕೊನೆಗೆ, ನಿಮಗೋಸ್ಕರ ಪ್ರಾರ್ಥಿಸುವುದನ್ನು ನಿಲ್ಲಿಸಿದರೆ ಅದು ನನಗೆ ಪಾಪ ಅನ್ನುತ್ತಾನೆ. ಆ ಜನರೊಳಗೆ ಅವನ ಇಬ್ಬರು ಮಕ್ಕಳೂ ಇದ್ದರು. ಮಗಳು ಎರಡು ವಾಕ್ಯಗಳನ್ನೂ ಬೆರಳಿಟ್ಟು ಮತ್ತೆ ಓದಿದಳು. ಆಮೇಲೆ ಅವಳೇ ಹೇಳಿದಳು, ನಮ್ಮ ಪ್ರಾರ್ಥನೆಯ ಪಟ್ಟಿಗೆ ಆ ಆಂಟಿಗಳ ಮಕ್ಕಳ ಹೆಸರು ಸೇರಿಸೋಣ ಅಂತ. ಸೇರಿಸಿದ್ದೇವೆ. ನಿಮ್ಮ ಮನೆಯಲ್ಲಿ ಅಂಥ ಒಂದು ಹೆಸರಿದ್ದರೆ ನೀವೂ ಇವತ್ತು ಮಕ್ಕಳ ಜೊತೆ ಕೂತಾಗ ಅದನ್ನು ಗಟ್ಟಿಯಾಗಿ ಹೇಳಿ.