ಕಿಲ್ಫೆನೋರಾದಲ್ಲಿ ಒಂದು ಮಧ್ಯಾಹ್ನ

ರಜೆ ಸಿಕ್ಕಿತು ಅಂತ ಐರ್ಲೆಂಡಿನ ಕ್ಲೇರ್ ಕೌಂಟಿಯ ಕಿಲ್ಫೆನೋರಾಕ್ಕೆ ಹೋಗಿದ್ದೆವು. ಪುಟ್ಟ ಹಳ್ಳಿ. ಕಾರಲ್ಲಿ ಹೋದರೆ ಊರು ಬಂದದ್ದೂ ಗೊತ್ತಾಗಲ್ಲ, ದಾಟಿದ್ದೂ ಗೊತ್ತಾಗಲ್ಲ. ಆದರೂ ಇಲ್ಲೊಂದು ಕತೀಡ್ರಲ್, ಅಂದರೆ ಬಿಷಪ್ಪರ ಪೀಠವಿರುವಂಥ ದೊಡ್ಡ ಚರ್ಚು, ಇದೆ! ಅರ್ಧ ಪಾಳು, ಅರ್ಧ ಗಟ್ಟಿ. 12ನೇ ಶತಮಾನದ ಕಲ್ಲಿನ ಶಿಲುಬೆಗಳು ಮಳೆಗೆ ಸವೆಯಬಾರದು ಅಂತ ಒಂದು ಭಾಗಕ್ಕೆ ಗಾಜಿನ ಸೂರು ಹಾಕಿದ್ದಾರೆ. ಮೇಲೆ ಮಳೆ ಪಟಪಟ ಅಂತಿತ್ತು. ಕೆಳಗೆ ಡೂರ್ಟಿ ಅನ್ನೋ ಶಿಲುಬೆಯ ಕೆತ್ತನೆಯಲ್ಲಿ ಇಬ್ಬರು ಪಾದ್ರಿಗಳು ಹಕ್ಕಿಯಂಥ ಯಾವುದೋ ಪ್ರಾಣಿಯನ್ನು ಕೋಲಿನಿಂದ ತಿವಿಯುತ್ತಿದ್ದರು. ಪಾಪ, ಆ ಹಕ್ಕಿ ಏನು ಮಾಡಿತ್ತೋ!

ಊರಿನ ಹೆಸರು ಹೊರಗೆ ಗೊತ್ತಿರುವುದು ಮಾತ್ರ ಸಂಗೀತದಿಂದ. ಕಿಲ್ಫೆನೋರಾ ಕೇಲಿ ಬ್ಯಾಂಡ್ 1909ರಲ್ಲಿ ಶುರುವಾಗಿದ್ದು, ಚರ್ಚಿಗೆ ದುಡ್ಡು ಕೂಡಿಸೋಕೆ ಅಂತ. ಪಿಟೀಲು, ಕೊಳಲು, ಬ್ಯಾಂಜೋ ಎಲ್ಲ ಸೇರಿ ಕುಣಿಯೋರಿಗೆಂದೇ ನುಡಿಸುವ ಸಂಗೀತ ಅದು. ಇಂಥ ಊರುಗಳಲ್ಲಿ ಪಬ್ ಅಂದರೆ ಕುಡಿಯೋ ಜಾಗ ಅಷ್ಟೇ ಅಲ್ಲ. ಹರಟೆ, ಹಾಡು, ಸತ್ತವರ ಸುದ್ದಿ ಎಲ್ಲ ಅಲ್ಲೇ.

ಆದರೆ ರಾತ್ರಿ ಅಲ್ಲಿಗೆ ಹೋಗಿಬರೋದು ಹೇಗೆ? ಕುಡಿದು ಗಾಡಿ ಓಡಿಸುವಂತಿಲ್ಲ, ಅದು ಸರಿಯೇ. ಹಳ್ಳಿಗಳಿಗೆಂದೇ ಲೋಕಲ್ ಲಿಂಕ್ ಬಸ್‌ಗಳಿವೆ, ಆದರೆ ಬೇಕೆಂದಾಗ ಸಿಗಲ್ಲ. ದೂರದ ತೋಟದ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದವರಿಗೆ ಇದು ದೊಡ್ಡ ಚಿಂತೆಯೇ ಅಲ್ವಾ?

ಕಡಲಂಚಿನ ಮೋಹರ್ ಕಡಿಬಂಡೆಗಳನ್ನು ನೋಡಲು ಹೋಗುವವರು ಇಲ್ಲೂ ಸುಮ್ನೆ ಒಮ್ಮೆ ಇಳಿಯಿರಿ. ಜಾಸ್ತಿ ದೂರವಿಲ್ಲ.